ಆಷಾಢದ ಗಡುವಿಗೆ ಮರದ ನೆಲ ಹಾಕಿಸಬೇಡಪ್ಪ

ಅರಕಲಗೂಡಿನ ಮನೆಯ ಕೋಣೆಗೆ ತೇಗದ ಹಲಗೆಯ ನೆಲ ಮಾಡಿಸುತ್ತೇನೆ ಅಂದೆಯಲ್ಲ, ಕೇಳಿ ಸಂತೋಷವಾಯಿತು ಕಣಪ್ಪ. ನಮ್ಮ ಹಿರಿಯರು ಹಲಗೆ ಹಾಸುತ್ತಿದ್ದದ್ದು ಅಟ್ಟಕ್ಕೆ. ಅದಕ್ಕೆ ಕೆಳಗಿನಿಂದ ಗಾಳಿಯಾಡುತ್ತಿತ್ತು. ಓಡಾಡುವ ನೆಲ ಮಣ್ಣಿನದು, ಗಾರೆಯದು, ಆಮೇಲೆ ರೆಡ್ ಆಕ್ಸೈಡಿನದು. ನೀನು ಹಾಕಿಸುವುದು ಸಿಮೆಂಟಿನ ಮೇಲೆ ಕೂರುವ ಹಲಗೆ. ಅದಕ್ಕೇ ಈ ಕಿವಿಮಾತು: ಗೃಹಪ್ರವೇಶದ ದಿನ ಹತ್ತಿರ ಬಂತು ಎಂದು ಆ ಕೆಲಸಕ್ಕೆ ಅವಸರ ಮಾಡಬೇಡ.

ನಮ್ಮ ಜಿಲ್ಲೆಯಲ್ಲಿ ಆಗುವುದು ಹೀಗೆ. ಆಷಾಢ ಹುಟ್ಟುವುದರೊಳಗೆ ಮನೆ ಸೇರಬೇಕು ಅಂತ ಏಪ್ರಿಲ್, ಮೇ ಬಿಸಿಲಿನಲ್ಲಿ ಹಲಗೆ ಹೊಡೆಸುತ್ತಾರೆ. ಆಗ ಮರ ಒಣಗಿ ಕುಗ್ಗಿರುತ್ತದೆ. ಸಂದು ಕಾಣಬಾರದು ಎಂದು ಗೋಡೆಯಿಂದ ಗೋಡೆಗೆ ಬಿಗಿದು ಕೂರಿಸುತ್ತಾರೆ. ಮುಂದಿನ ತಿಂಗಳೇ ಆರಿದ್ರಾ, ಪುನರ್ವಸು ಮಳೆ ಹಿಡಿಯುತ್ತದೆ. ಮರ ಗಾಳಿಯ ತೇವ ಹೀರುತ್ತದೆ. ಹಲಗೆ ಉದ್ದಕ್ಕೆ ಬೆಳೆಯುವುದು ಲೆಕ್ಕಕ್ಕೇ ಇಲ್ಲ, ಅಗಲಕ್ಕೆ ಮಾತ್ರ ಹಿಗ್ಗುತ್ತದೆ. ತೇಗದ ತೇವ ನೂರಕ್ಕೆ 4 ಭಾಗ ಹೆಚ್ಚಿದರೂ 12 ಅಡಿ ಕೋಣೆಯ ಹಲಗೆಗಳೆಲ್ಲ ಸೇರಿ ಅರ್ಧ ಅಂಗುಲದಿಂದ ಒಂದು ಅಂಗುಲದವರೆಗೆ ಜಾಗ ಕೇಳುತ್ತವೆ. ಗೋಡೆ ಜರುಗುವುದಿಲ್ಲ, ಹಲಗೆ ಮೇಲಕ್ಕೇ ಏಳಬೇಕು. ಆಗ ಮರದ ಜಾತಿಯನ್ನೋ ಆಚಾರಿಯನ್ನೋ ಬೈದು ಫಲವಿಲ್ಲ.

ಊರಿಂದ ಊರಿಗೂ ವ್ಯತ್ಯಾಸವಿದೆ. ಚನ್ನರಾಯಪಟ್ಟಣ ಬಯಲುಸೀಮೆ, ಅಲ್ಲಿಯ ಒಣಹವೆಯಲ್ಲಿ ಆರಿದ ಮರ ನಿಮ್ಮ ಅರಕಲಗೂಡಿನ ಸೋನೆಗೆ ಬಂದರೆ ಬೇರೆಯೇ ಆಗುತ್ತದೆ. ಹೊಳೆನರಸೀಪುರದಲ್ಲಿ ಹೇಮಾವತಿ ದಡದ ಕಡೆ, ಗದ್ದೆ ಮುಚ್ಚಿ ಮಾಡಿದ ಸೈಟುಗಳಲ್ಲಿ, ತೇವ ತಳಪಾಯದಿಂದಲೇ ಏರಬಹುದು. ಅಂಥ ಕಡೆ ನೆಲಮಹಡಿಗೆ ಮರದ ಆಸೆ ಬಿಟ್ಟು ರೆಡ್ ಆಕ್ಸೈಡೋ ಕಲ್ಲೋ ಹಾಕಿಸಿಕೊಳ್ಳುವುದೇ ಜಾಣತನ.

ನೀನು ಹೀಗೆ ಮಾಡು. ಗೃಹಪ್ರವೇಶ ಬರೀ ಸಿಮೆಂಟ್ ನೆಲದ ಮೇಲೇ ಆಗಲಿ. ಹಾಲು ಉಕ್ಕುವುದಕ್ಕೆ ಹಲಗೆ ಬೇಕಿಲ್ಲ. ಒಂದು ಮಳೆಗಾಲ ಮನೆ ಹೇಗಿರುತ್ತದೆ ನೋಡು. ದೀಪಾವಳಿ ಕಳೆದು ಸಂಕ್ರಾಂತಿಯೊಳಗೆ ಕೆಲಸ ಹಿಡಿ. ಅದಕ್ಕೆ ಮೊದಲು ಎರಡಡಿ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ, ನಾಲ್ಕೂ ಅಂಚಿಗೆ ಟೇಪು ಅಂಟಿಸಿ, ಒಂದು ಹಗಲು ಒಂದು ರಾತ್ರಿ ಬಿಡು. ತೆಗೆದಾಗ ಒಳಗೆ ಹನಿ ಕೂತಿದ್ದರೆ, ಇಲ್ಲವೇ ಸಿಮೆಂಟ್ ಕಪ್ಪಾಗಿದ್ದರೆ, ನೆಲ ಇನ್ನೂ ಆರಿಲ್ಲ ಅಂತಲೇ ತಿಳಿ. ಹಲಗೆಗಳನ್ನೂ ಅದೇ ಕೋಣೆಯಲ್ಲಿ, ನಡುವೆ ರೀಪು ಕೊಟ್ಟು ಗಾಳಿಯಾಡುವಂತೆ ಪೇರಿಸಿ, ಕೆಲವು ವಾರ ಬಿಡು. ಹಾಸುವಾಗ ನಾಲ್ಕೂ ಗೋಡೆಯ ಬಳಿ ಅರ್ಧ ಅಂಗುಲ ಸಂದು ಬಿಡಿಸು. ಮೇಲೆ ಸ್ಕರ್ಟಿಂಗ್ ಪಟ್ಟಿ ಬಂದರೆ ಕಾಣುವುದೇ ಇಲ್ಲ. ಆ ಪಟ್ಟಿಯನ್ನು ಗೋಡೆಗೆ ಹೊಡೆಯಬೇಕು, ಹಲಗೆಗಲ್ಲ. ಸಂದಿಗೆ ಸಿಮೆಂಟ್ ತುಂಬಲು ಯಾರಿಗೂ ಬಿಡಬೇಡ. ಅಗ್ಗ ಅಂತ ಲ್ಯಾಮಿನೇಟ್‌ಗೆ ಮನಸ್ಸು ಮಾಡಿದರೆ ಇದೂ ಗೊತ್ತಿರಲಿ: ಅದು ಮರದ ನಾರನ್ನು ಒತ್ತಿ ಮಾಡಿದ್ದು, ಒಮ್ಮೆ ನೀರು ಕುಡಿದು ಉಬ್ಬಿದರೆ ಒಣಗಿದ ಮೇಲೂ ಮೊದಲಿನಂತೆ ಆಗುವುದಿಲ್ಲ.

ಇಷ್ಟಾಗಿಯೂ ಹಲಗೆ ಎದ್ದರೆ ಗಾಬರಿಯಿಂದ ಮೊಳೆ ಹೊಡೆಸಬೇಡ, ಉಜ್ಜುಗೊರಡಿಗೂ ಕೈ ಹಾಕಿಸಬೇಡ. ಮಳೆಗಾಲದಲ್ಲಿ ಉಜ್ಜಿಸಿದ ಬಾಗಿಲು ಬೇಸಿಗೆಯಲ್ಲಿ ಸಂದು ಬಿಡುವುದನ್ನು ನೀನೂ ಕಂಡಿದ್ದೀಯ, ನೆಲಕ್ಕೂ ಅದೇ ಗತಿ. ಮೊದಲು ಪೈಪು ಸೋರುತ್ತಿದೆಯೋ, ಕಿಟಕಿಯಿಂದ ಎರಚಲು ಬರುತ್ತಿದೆಯೋ ಹುಡುಕು. ಸ್ಕರ್ಟಿಂಗ್ ಬಿಚ್ಚಿಸಿ, ಗೋಡೆಗೆ ತಾಗಿದ ಹಲಗೆಯ ಅಂಚು ಕೊಯ್ಸಿ ಜಾಗ ಮಾಡಿಕೊಡು. ಚಳಿಗಾಲ ಬರುವವರೆಗೆ ಕಾಯಿ. ಎದ್ದ ಹಲಗೆಗಳಲ್ಲಿ ಎಷ್ಟೋ ತಾವೇ ಕೂರುತ್ತವೆ. ಕೂರದವನ್ನು ಆಮೇಲೆ ಬದಲಾಯಿಸಿದರಾಯಿತು.

ಆಚಾರಿ ಸಿಕ್ಕಿದ್ದಾನೆ, ಈಗಲೇ ಮುಗಿಸಿಬಿಡೋಣ ಅನ್ನುವವರು ಬಹಳ ಜನ ಬರುತ್ತಾರೆ. ಅವನಿಗೆ ಈಗಲೇ ಮುಂಗಡ ಕೊಟ್ಟು ಕಾರ್ತಿಕದಲ್ಲಿ ಬಾ ಅನ್ನು. ನೆಲ ನಿನ್ನ ಮಕ್ಕಳ ಕಾಲಕ್ಕೂ ಬರಬೇಕಾದ್ದು ಕಣಪ್ಪ, ಐದಾರು ತಿಂಗಳು ತಡವಾದರೆ ಏನೂ ನಷ್ಟವಿಲ್ಲ.