ಹ್ಯಾಸ್ಕೆಲ್ಲೋ, ಓಕ್ಯಾಮಲ್ಲೋ?

ಪ್ರೋಗ್ರಾಮ್ ಓಡುವ ಮೊದಲೇ ಪ್ರತಿಯೊಂದು ಮೌಲ್ಯದ ಬಗೆಯನ್ನು, ಅಂದರೆ ಅದು ಸಂಖ್ಯೆಯೋ ಪಠ್ಯವೋ ಎಂಬ ಟೈಪನ್ನು, ಕಂಪೈಲರ್ ತಾನೇ ಊಹಿಸಿ ಪರಿಶೀಲಿಸುವ ಗುಣವು 1990ರಲ್ಲಿ ಮೊದಲ ವರದಿ ಹೊರಬಂದ ಪ್ರೋಗ್ರಾಮಿಂಗ್ ಭಾಷೆ ಹ್ಯಾಸ್ಕೆಲ್‌ಗೂ 1996ರಲ್ಲಿ ಫ್ರಾನ್ಸಿನ ಇನ್ರಿಯಾ ಸಂಸ್ಥೆ ರೂಪಿಸಿದ ಇನ್ನೊಂದು ಭಾಷೆ ಓಕ್ಯಾಮಲ್‌ಗೂ ಸಮಾನವಾಗಿರುವುದರಿಂದ, ಹೋಲಿಸುವವರು ಕಣ್ಣಿಡಬೇಕಾದದ್ದು ಬೇರೆಡೆ. ಓಕ್ಯಾಮಲ್‌ನಲ್ಲಿ ದಶಮಾಂಶ ಸಂಖ್ಯೆಗಳನ್ನು ಕೂಡಿಸಲು ಸಂಕಲನ ಚಿಹ್ನೆಯ ಪಕ್ಕದಲ್ಲೊಂದು ಚುಕ್ಕಿ ಇಡಬೇಕು, ಮರೆತರೆ ಕಂಪೈಲರ್ ಮುಂದೆ ಬಿಡುವುದಿಲ್ಲ. ಹ್ಯಾಸ್ಕೆಲ್‌ನಲ್ಲಾದರೋ ಟೈಪ್ ಕ್ಲಾಸ್ ಎಂಬ, ಒಂದೇ ಹೆಸರಿನ ಕ್ರಿಯೆಗೆ ಟೈಪಿಗೆ ತಕ್ಕ ಅರ್ಥ ಕೊಡುವ ಏರ್ಪಾಡು ಇರುವುದರಿಂದ ಅದೇ ಚಿಹ್ನೆ ಪೂರ್ಣಾಂಕಕ್ಕೂ ದಶಮಾಂಶಕ್ಕೂ ಸಾಲುತ್ತದೆ. ತೆರೆಯ ಮೇಲೆ ಒಂದು ಸಾಲು ಮೂಡಿಸುವ ಕ್ರಿಯೆಯೂ ಹ್ಯಾಸ್ಕೆಲ್‌ನಲ್ಲಿ ಟೈಪಿನಲ್ಲೇ ಕಾಣಿಸಿಕೊಳ್ಳಬೇಕು (ಈ ಶಿಸ್ತು ಮೊದಮೊದಲು ಕಿರಿಕಿರಿಯೇ). ಓಕ್ಯಾಮಲ್‌ನಲ್ಲಿ ಆ ಕಟ್ಟುಪಾಡಿಲ್ಲ. ಆದ್ದರಿಂದ ಹೊಸಬರು ಓಕ್ಯಾಮಲ್‌ನಿಂದ ತೊಡಗುವುದು ಲೇಸು.