ನಮ್ಮೂರಲ್ಲಿ ನೀರು 97 ಡಿಗ್ರಿಗೆ ಕುದಿಯುತ್ತದೆ

ಪ್ರೀತಿಯ ಮಗಳೇ,

ನೀನು ಕೆ.ಆರ್. ಪುರದ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿಯಾಗಿ ಕೆಲಸಕ್ಕೆ ಹಾಜರಾದೆ ಎಂದು ಓದಿ ಸಂತೋಷವಾಯಿತು. ಆದರೆ ನಿನ್ನ ಕಾಗದದ ತುಂಬ ಚಿಂತೆಯೇ ಇತ್ತು. ಪ್ರಯೋಗಾಲಯ ಅಂದರೆ ಸ್ಟಾಫ್ ರೂಮಿನ ಮೂಲೆಯಲ್ಲೊಂದು ಬೀರು, ಅದಕ್ಕೂ ಬೀಗ. ತರಗತಿಯಲ್ಲಿ ನಾಲ್ಕಾರು ಮನೆಮಾತಿನ ಮಕ್ಕಳು. ಮೇಲೆ ಎಸ್ಸೆಸ್ಸೆಲ್ಸಿ ಫಲಿತಾಂಶದ ಒತ್ತಡ. ಇದರ ನಡುವೆ ಪ್ರಯೋಗ ಮಾಡಿಸುವುದು ಹೇಗೆ ಎಂದು ಕೇಳಿದ್ದೀಯ. ಇದೇ ಪ್ರಶ್ನೆ ಶಿವಾಜಿನಗರದಲ್ಲೂ ಹಲಸೂರಿನಲ್ಲೂ ಪಾಠ ಮಾಡುವ ನಿನ್ನ ವಯಸ್ಸಿನ ಎಷ್ಟೋ ಜನರದ್ದು. ಅದಕ್ಕೇ ಎಲ್ಲರೂ ಓದಲಿ ಎಂದು ಹೀಗೆ ಬರೆಯುತ್ತಿದ್ದೇನೆ.

ಮೊದಲು ಆ ಬೀರುವಿನ ಬೀಗ ತೆಗೆಸು. ಸರ್ಕಾರಿ ಶಾಲೆಗಳಲ್ಲಿ ಗಾಜಿನ ಸಾಮಾನು ಹೊರಗೆ ಬಾರದಿರುವುದಕ್ಕೆ ಸೋಮಾರಿತನ ಕಾರಣವಲ್ಲ, ದಾಸ್ತಾನು ವಹಿಯ ಭಯ ಕಾರಣ. ಬೀಕರು ಒಡೆದರೆ ತಪಾಸಣೆಗೆ ಬಂದವರಿಗೆ ಯಾರು ಉತ್ತರ ಹೇಳಬೇಕು ಎಂಬ ಭಯ. ಮುಖ್ಯೋಪಾಧ್ಯಾಯರ (ಎಚ್.ಎಂ.) ಜೊತೆ ಕೂತು ಮೊದಲೇ ಮಾತಾಡಿಕೊ. ಒಡೆದದ್ದನ್ನು ಅದೇ ದಿನ ವಹಿಯಲ್ಲಿ ಒಂದು ಸಾಲು ಬರೆದು ಸಹಿ ಹಾಕಿಸಿಬಿಡು. ಮಕ್ಕಳು ಮುಟ್ಟಿ ಒಡೆದ ಬೀಕರು ಖರ್ಚಾದ ಸೀಮೆಸುಣ್ಣದ ಲೆಕ್ಕಕ್ಕೆ ಸೇರಬೇಕಾದದ್ದು.

ಬೀಗ ತೆಗೆದ ಮೇಲೆ ಮೊದಲು ಹೊರತೆಗೆಯಬೇಕಾದದ್ದು ಉಷ್ಣಮಾಪಕ. ಪುಡಿ ಮಾಡಿದ ಐಸನ್ನು ಒಂದು ಲೋಟದಲ್ಲಿ ಹಾಕಿ, ಅದು ಕರಗುತ್ತಿರುವಾಗ ಉಷ್ಣಮಾಪಕ ಅದ್ದಿ ಮಕ್ಕಳಿಂದಲೇ ಓದಿಸು. ಸೊನ್ನೆ ತೋರಿಸಿದರೆ ಉಪಕರಣವನ್ನು ನಂಬಬಹುದು. ಆಮೇಲೆ ನೀರು ಕುದಿಸು. ಬೆಂಕಿಯ ಹತ್ತಿರ ನೀನೇ ಇರು, ಮಕ್ಕಳು ಒಂದು ಮಾರು ದೂರ ನಿಲ್ಲಲಿ. ಪಾದರಸ ಏರುತ್ತಾ ಹೋಗಿ 97ರ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ನೀರು ಕೊತಕೊತ ಕುದಿಯುತ್ತಿದೆ, ಉರಿ ಹೆಚ್ಚು ಮಾಡಿದರೂ ಮೇಲೇರದು. ಈಗ ಮಕ್ಕಳ ನೋಟ್‌ಬುಕ್ ನೋಡು. ಚೆನ್ನಾಗಿ ಓದುವ ಮಕ್ಕಳೆಲ್ಲ 100 ಎಂದು ಬರೆದಿರುತ್ತಾರೆ. ಹಿಂದಿನ ಬೆಂಚಿನಲ್ಲಿ ಯಾವನೋ ಒಬ್ಬ ಹುಡುಗ 97 ಎಂದು ಬರೆದು, ಪಕ್ಕದವನದು ನೋಡಿ, ಅಳಿಸುತ್ತಿರುತ್ತಾನೆ.

ಆ ರಬ್ಬರನ್ನು ತಡೆ. ನಾನು ಈ ಪತ್ರದಲ್ಲಿ ಹೇಳಬೇಕಾದದ್ದೆಲ್ಲ ಇಷ್ಟೇ: ಮಗು ಕಂಡದ್ದನ್ನೇ ಬರೆಯುವಂತೆ ನೋಡಿಕೊ, ಬರೆದದ್ದಕ್ಕೆ ಬೆಲೆ ಕೊಡು. ಪುಸ್ತಕದ 100 ಸುಳ್ಳಲ್ಲ. ಅದು ಸಮುದ್ರಮಟ್ಟದ ಮಾತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರಿನ ಮೇಲೆ ಗಾಳಿ ಒತ್ತುವುದು ಕಡಿಮೆ, ಕಡಲತೀರದ ಹತ್ತರಲ್ಲಿ ಒಂಬತ್ತು ಪಾಲಿನಷ್ಟು. ಹಾಗಾಗಿ ನೀರಿನ ಆವಿ ಬೇಗ ಮೇಲುಗೈ ಪಡೆದು ಕುದಿ ಬರುತ್ತದೆ. 300 ಮೀಟರ್ ಮೇಲೇರಿದರೆ ಹೆಚ್ಚುಕಮ್ಮಿ ಒಂದು ಡಿಗ್ರಿ ಇಳಿಯುತ್ತದೆ ಎಂದು ಹೇಳಿ ಲೆಕ್ಕ ಹಾಕಲು ಮಕ್ಕಳಿಗೇ ಬಿಡು. ಮಂಗಳೂರಿನಲ್ಲಿ ನಿನ್ನ ಬಿ.ಇಡಿ. ಗೆಳತಿ ಯಾರಾದರೂ ಇದ್ದರೆ ಅದೇ ದಿನ ಅವಳ ತರಗತಿಯಲ್ಲೂ ನೀರು ಕುದಿಸಲು ಹೇಳಿ ಫೋನಿನಲ್ಲಿ ಎರಡೂ ಕಡೆಯ ಮಕ್ಕಳು ಅಂಕೆ ಹೇಳಿಕೊಳ್ಳಲಿ. ಮನೆಯಲ್ಲಿ ಕುಕ್ಕರ್ ಯಾಕೆ ಬೇಕು ಎಂಬುದೂ ಅದೇ ಪಾಠದಲ್ಲಿ ಬಂದುಹೋಗುತ್ತದೆ. 97 ಎಂದು ಬರೆದ ಹುಡುಗನಿಗೆ ಪೂರ್ತಿ ಅಂಕ ಕೊಡು, ಎಲ್ಲರೆದುರಿಗೆ ಕೊಡು. ಪರೀಕ್ಷೆಯಲ್ಲಿ ಅವನು 'ಸಮುದ್ರಮಟ್ಟದಲ್ಲಿ 100' ಎಂದು ಕಾರಣಸಹಿತ ಬರೆಯುತ್ತಾನೆ, ಭಯಬೇಡ.

ನೆರಳಿನದೂ ಇದೇ ಕತೆ. ಮಧ್ಯಾಹ್ನ 12ಕ್ಕೆ ಸೂರ್ಯ ನೆತ್ತಿಯ ಮೇಲಿರುತ್ತಾನೆ ಎಂದು ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. ಅಂಗಳದಲ್ಲಿ ಒಂದು ಕೋಲು ನೆಟ್ಟು ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಗುರುತು ಹಾಕಿಸು. ಬೆಂಗಳೂರಿನಲ್ಲಿ ವರ್ಷಕ್ಕೆ ಎರಡೇ ಸಲ, ಏಪ್ರಿಲ್ 24ರ ಹೊತ್ತಿಗೆ ಮತ್ತು ಆಗಸ್ಟ್ 18ರ ಹೊತ್ತಿಗೆ, ನೆಟ್ಟಗೆ ನಿಂತ ಕೋಲಿಗೆ ನೆರಳೇ ಇಲ್ಲದ ಗಳಿಗೆ ಬರುತ್ತದೆ. ಅದೂ 12ಕ್ಕಲ್ಲ, ಏಪ್ರಿಲ್‌ನಲ್ಲಿ 12.17ರ ಸುಮಾರಿಗೆ, ಆಗಸ್ಟ್‌ನಲ್ಲಿ 12.23ರ ಸುಮಾರಿಗೆ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ನಾವಿರುವುದು 77.6ರಲ್ಲಿ, ಒಂದು ಡಿಗ್ರಿಗೆ ನಾಲ್ಕು ನಿಮಿಷ. ಏಪ್ರಿಲ್ ದಿನ ಬೇಸಿಗೆ ರಜೆಯಲ್ಲಿ ಬೀಳುತ್ತದೆ, ನಿನಗೆ ಸಿಗುವುದು ಆಗಸ್ಟ್. ಮೋಡ ಕವಿದರೂ ಬೇಸರ ಬೇಡ. ಇನ್ನೊಂದು ವಿಷಯವನ್ನು ಶಾಲೆ ಶುರುವಾದ ಜೂನ್‌ನಲ್ಲೇ ನೋಡಬಹುದು: ಈ ಎರಡು ದಿನಗಳ ನಡುವೆ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ, ಉಳಿದ ಕಾಲದಲ್ಲಿ ಉತ್ತರಕ್ಕೆ. ಉತ್ತರಾಯಣ, ದಕ್ಷಿಣಾಯನ ಎಂದು ಹಬ್ಬದ ದಿನ ಕೇಳಿದ ಮಕ್ಕಳಿಗೆ ಸೂರ್ಯನ ಆ ಓಡಾಟ ಅಂಗಳದಲ್ಲೇ ಕಾಣುತ್ತದೆ.

ನೀನು ಪಾಠ ಮಾಡುತ್ತಿರುವ ಸೀಮೆ ಸಾಮಾನ್ಯದ್ದಲ್ಲ, ಅದನ್ನೂ ಮಕ್ಕಳಿಗೆ ಹೇಳು. ಟಿಪ್ಪು ಮಡಿದ ಮರುವರ್ಷ, 1800ರ ಅಕ್ಟೋಬರ್ 14ರಿಂದ ಡಿಸೆಂಬರ್ 10ರವರೆಗೆ, ಸರ್ವೆ ಅಧಿಕಾರಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಪೂರ್ವದ ಬಯಲಿನಲ್ಲಿ ಒಂದು ನೇರ ಗೆರೆ ಅಳೆದ. ಉದ್ದ 7.43 ಮೈಲಿ, ಅಂದರೆ ಸುಮಾರು 12 ಕಿ.ಮೀ. ಮುಂದೆ ಇಡೀ ಭಾರತವನ್ನು ತ್ರಿಕೋನಗಳಲ್ಲಿ ಅಳೆದ ದೊಡ್ಡ ಸರ್ವೆಗೆ ಇದು ಪೂರ್ವತಯಾರಿ. ಕೈಯಲ್ಲಿದ್ದದ್ದು 100 ಅಡಿಯ ಉಕ್ಕಿನ ಸರಪಳಿ. ಅದನ್ನು 390ಕ್ಕೂ ಹೆಚ್ಚು ಸಲ ಹಾಸಿ ಎತ್ತಬೇಕಿತ್ತು. ಬಿಸಿಲು ಏರಿದರೆ ಸರಪಳಿ ಹಿಗ್ಗುತ್ತದೆ. ಅದಕ್ಕೇ ಜೊತೆಗೆ ಉಷ್ಣಮಾಪಕ ಇಟ್ಟುಕೊಂಡು ಅಳತೆಯನ್ನು ತಿದ್ದುತ್ತಾ ಹೋದರು. ಹತ್ತನೇ ತರಗತಿಯ ಮಕ್ಕಳಿಗೆ ಲೆಕ್ಕ ಕೊಡು: ಉಕ್ಕು ಡಿಗ್ರಿಗೆ, ಮೀಟರಿಗೆ 0.012 ಮಿ.ಮೀ. ಹಿಗ್ಗುತ್ತದೆ, 12 ಕಿ.ಮೀ.ಗೆ ಎಷ್ಟು? ಸುಮಾರು 14 ಸೆಂ.ಮೀ., ಒಂದೇ ಡಿಗ್ರಿಗೆ! ಘನವಸ್ತು ಕಾಯಿಸಿದರೆ ಹಿಗ್ಗುತ್ತದೆ ಎಂಬ ಸಪ್ಪೆ ಸಾಲು ಅವರ ಶಾಲೆಯ ಆಸುಪಾಸಿನ ಮಣ್ಣಿನ ಮೇಲೇ ಒಬ್ಬ ಮನುಷ್ಯನಿಗೆ ಎಷ್ಟು ಕಾಟ ಕೊಟ್ಟಿತು ಎಂದು ತಿಳಿಯಲಿ.

ರೊನಾಲ್ಡ್ ರಾಸ್‌ನ ಕತೆಯನ್ನಂತೂ ದಂಡು ಪ್ರದೇಶದ ಒಂದು ಮಗುವಿಗೂ ತಪ್ಪಿಸಬಾರದು. 1883ರಲ್ಲಿ ಅವನು ಇಲ್ಲಿ ಪಡೆಯ ಯುವ ವೈದ್ಯ. ಬಂಗಲೆಯಲ್ಲಿ ಸೊಳ್ಳೆಯ ಕಾಟ. ಕಿಟಕಿಯ ಹೊರಗೆ ಒಂದು ತೊಟ್ಟಿ ನೀರು, ಅದರಲ್ಲಿ ಹುಳಗಳು ಪಿಳಿಪಿಳಿ ಆಡುತ್ತಿದ್ದವು. ತೊಟ್ಟಿ ಮಗುಚಿದ, ಸೊಳ್ಳೆ ಕಡಿಮೆಯಾಯಿತು. ಉಳಿದ ಕಡೆಯೂ ಹೀಗೇ ಮಾಡೋಣ ಎಂದರೆ ಮೇಲಿನ ಅಧಿಕಾರಿ ಒಪ್ಪಲಿಲ್ಲ. ಅದು ಪ್ರಕೃತಿಯ ನಿಯಮ ಕೆಡಿಸಿದಂತೆ ಎಂದನಂತೆ. ಹದಿನಾಲ್ಕು ವರ್ಷದ ನಂತರ, 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ ಅದೇ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಜೀವಿಯನ್ನು ಕಂಡ. 1902ರಲ್ಲಿ ನೊಬೆಲ್ ಬಂತು.

ನಿನ್ನ ಮಕ್ಕಳ ಮನೆಗಳಲ್ಲಿ ನೀರು ಬಂದಾಗ ಹಿಡಿದಿಡುವ ಡ್ರಮ್ಮುಗಳಿವೆ. ಅವುಗಳಿಂದ ಒಂದು ಗಾಜಿನ ಬಾಟಲಿ ನೀರು ತರಿಸು, ಬಾಯಿಗೆ ತೆಳು ಬಟ್ಟೆ ಬಿಗಿದು ಕಟ್ಟಿಸು. ಡೆಂಗಿ ಹರಡುವ ಈಡಿಸ್‌ನ ಮರಿ ತಲೆ ಕೆಳಗೆ ಮಾಡಿ, ಬಾಲದ ಬಳಿಯ ಕೊಳವೆಯನ್ನು ನೀರಿನ ಮೇಲ್ಮೈಗೆ ತಾಗಿಸಿ ಜೋತುಬಿದ್ದಿರುತ್ತದೆ. ಮಲೇರಿಯಾದ ಅನಾಫಿಲಿಸ್‌ನ ಮರಿಗೆ ಅಂಥ ಉದ್ದದ ಕೊಳವೆಯಿಲ್ಲ, ಮೇಲ್ಮೈಗೆ ಸಮನಾಗಿ ಮಲಗಿರುತ್ತದೆ. ಭೂತಗನ್ನಡಿ ಕೊಟ್ಟು ಚಿತ್ರ ಬರೆಸು. ಬಾಟಲಿಯನ್ನು ತಟ್ಟಿದರೆ ಎಲ್ಲವೂ ಕೆಳಗೆ ಓಡಿ, ಉಸಿರಿಗಾಗಿ ಮತ್ತೆ ಮೇಲೆ ಬರುತ್ತವೆ. ಎರಡು ಹನಿ ಎಣ್ಣೆ ಬಿಟ್ಟರೆ ಏನಾಗುತ್ತದೆ ಎಂದು ಮೊದಲೇ ಊಹಿಸಿ ಬರೆಯಲಿ, ಆಮೇಲೆ ಬಿಡಲಿ. ಮೊಟ್ಟೆಯಿಂದ ಸೊಳ್ಳೆಯಾಗಿ ಹಾರಲು ಎಂಟು ಹತ್ತು ದಿನ. ಹಾಗಿದ್ದರೆ ಡ್ರಮ್ಮನ್ನು ಎಷ್ಟು ದಿನಕ್ಕೊಮ್ಮೆ ತಿಕ್ಕಿ ತೊಳೆಯಬೇಕು ಎಂದು ಅವರೇ ಹೇಳುತ್ತಾರೆ. ಮನೆಗೆ ಹೋಗಿ ಅಮ್ಮನಿಗೂ ಹೇಳುತ್ತಾರೆ. ಲಾರ್ವಾ ಸಮೀಕ್ಷೆಗೆ ಬರುವ ಆಶಾ ಕಾರ್ಯಕರ್ತೆಯನ್ನು ಒಂದು ದಿನ ತರಗತಿಗೆ ಕರೆ. ಅವರು ಕಂಡ ಡ್ರಮ್ಮುಗಳನ್ನು ನಾನೂ ನೀನೂ ಕಂಡಿಲ್ಲ.

ಭಾಷೆಯ ಬಗ್ಗೆ ಕೇಳಿದ್ದೀಯ. ತಮಿಳು, ಉರ್ದು, ತೆಲುಗು, ಕಲಬುರಗಿ ರಾಯಚೂರು ಕಡೆಯಿಂದ ಗಾರೆ ಕೆಲಸಕ್ಕೆ ಬಂದವರ ಕನ್ನಡ, ಎಲ್ಲವೂ ನಿನ್ನ ಒಂದೇ ಕೋಣೆಯಲ್ಲಿವೆ. ಮಗು ಮೊದಲು ತನ್ನ ಮನೆಮಾತಿನಲ್ಲೇ ಹೇಳಲಿ, ಪಾರಿಭಾಷಿಕ ಪದ ಆಮೇಲೆ ಬರಲಿ. ಎಲ್ಲರ ಮನೆಯಲ್ಲೂ ಇರುವ ವಸ್ತುವಿನಿಂದ ಪಾಠ ಶುರುಮಾಡು. ಆಮ್ಲ, ಪ್ರತ್ಯಾಮ್ಲದ ಪಾಠಕ್ಕೆ ಆರತಿಯ ಓಕುಳಿಗಿಂತ ಬೇರೆ ಬೇಕೇ? ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದರೆ ಕೆಂಪು. ಅದಕ್ಕೆ ನಿಂಬೆರಸ ಹಿಂಡುತ್ತಾ ಹೋದರೆ ಮತ್ತೆ ಹಳದಿ. ಬಣ್ಣ ತಿರುಗುವ ಆ ಹನಿಯನ್ನು ಎಣಿಸಲು ಹೇಳು. ತಟಸ್ಥೀಕರಣ ಎಂಬ ಪದ ಆಮೇಲೆ ತಾನಾಗಿ ನಿಲ್ಲುತ್ತದೆ. ಸುಣ್ಣ ಕಣ್ಣಿಗೆ ತಾಗದಂತೆ ಎಚ್ಚರವಿರಲಿ.

ಮಕ್ಕಳ ಅಪ್ಪ ಅಮ್ಮಂದಿರ ಕೆಲಸಗಳ ಒಂದು ಪಟ್ಟಿ ಮಾಡಿಕೊ. ಮೆಕ್ಯಾನಿಕ್, ವೆಲ್ಡರ್, ಪ್ಲಂಬರ್, ಎಲೆಕ್ಟ್ರಿಷಿಯನ್, ಬಟ್ಟೆಗೆ ಬಣ್ಣ ಹಾಕುವವರು. ಶಿವಾಜಿನಗರದ ಗುಜರಿಯಲ್ಲಿ ಕೆಟ್ಟ ಸ್ಪೀಕರು ಸಿಗುತ್ತದೆ, ಅದರೊಳಗಿನ ಅಯಸ್ಕಾಂತ ನಿನ್ನ ಬೀರುವಿನಲ್ಲಿರುವುದಕ್ಕಿಂತ ಗಟ್ಟಿಯಾದದ್ದು. ರಸೆಲ್ ಮಾರುಕಟ್ಟೆಯ ಮಾಂಸದಂಗಡಿಯವರ ಮಗ ಶ್ವಾಸಕೋಶವನ್ನು ಕೈಯಲ್ಲಿ ಹಿಡಿದು ತೋರಿಸಬಲ್ಲ. ಮನೆಯವರ ಒಪ್ಪಿಗೆ, ಎಚ್.ಎಂ. ಒಪ್ಪಿಗೆ ಪಡೆದೇ ಮಾಡು, ನೋಡಲೊಲ್ಲದ ಮಕ್ಕಳನ್ನು ಬಲವಂತ ಮಾಡಬೇಡ. ಮೆಟ್ರೋದಲ್ಲಿ ಹೋಗುವಾಗ ದಾರಕ್ಕೆ ಒಂದು ನಟ್ಟು ಕಟ್ಟಿ ಹಿಡಿದುಕೊಳ್ಳಲಿ. ಇಂದಿರಾನಗರ ನಿಲ್ದಾಣ ಬಿಡುವಾಗ ಹಿಂದಕ್ಕೆ ವಾಲುತ್ತದೆ, ಹಲಸೂರಿನಲ್ಲಿ ನಿಲ್ಲುವಾಗ ಮುಂದಕ್ಕೆ. ಜಡತ್ವಕ್ಕೆ ಇದು ಸಾಕು.

ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ರಂಗೋಲಿ, ಭಾಷಣ, ಅತಿಥಿಗಳಿಗೆ ಹಾರ, ಇಷ್ಟರಲ್ಲೇ ಮುಗಿಸಬೇಡ. ಆ ದಿನ ನೆನೆಯುವ 1928ರ ಬೆಳಕಿನ ಶೋಧವನ್ನು ಸಿ.ವಿ. ರಾಮನ್ ವಿವರವಾಗಿ ಮಂಡಿಸಿದ್ದು ಇದೇ ಬೆಂಗಳೂರಿನಲ್ಲಿ, ಮಾರ್ಚ್ 16ರಂದು. ವಿಜ್ಞಾನ ದಿನದಂದು ವೇದಿಕೆಯ ಮೇಲೆ ಮಕ್ಕಳು ನಿಲ್ಲಲಿ, ವರ್ಷವಿಡೀ ತಾವು ಅಳೆದ ನೆರಳು, ಕುದಿಬಿಂದು, ಸೊಳ್ಳೆಮರಿಯ ಲೆಕ್ಕ ಓದಲಿ.

ಬೆಂಬಲ ಎಲ್ಲಿದೆ ಎಂದೂ ಕೇಳಿದ್ದೀಯ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ' ಪತ್ರಿಕೆಯನ್ನು ಶಾಲೆಗೆ ತರಿಸು. ಕನ್ನಡದಲ್ಲಿ ವಿಜ್ಞಾನವನ್ನು ತಿಳಿಯಾಗಿ ಹೇಳುವುದು ಹೇಗೆ ಎಂದು ನೀನೇ ಕಲಿಯುತ್ತೀಯ. ಜೆ.ಆರ್. ಲಕ್ಷ್ಮಣರಾಯರ ಬರಹಗಳನ್ನೂ ಓದು. ಅಗಸ್ತ್ಯ ಪ್ರತಿಷ್ಠಾನದ ಸಂಚಾರಿ ಪ್ರಯೋಗಾಲಯವನ್ನು ಶಾಲೆಗೆ ಕರೆಸಿಕೊಳ್ಳಲು ಪತ್ರ ಬರೆ. ಭಾರತೀಯ ವಿಜ್ಞಾನ ಸಂಸ್ಥೆ ಚಳ್ಳಕೆರೆಯಲ್ಲಿ ವಿಜ್ಞಾನ ಶಿಕ್ಷಕರಿಗೆ ಕೊಡುವ ತರಬೇತಿಗೆ ಅವಕಾಶ ಬಂದರೆ ಬಿಡಬೇಡ. ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೂ ಹಳೆ ವಿಮಾನ ನಿಲ್ದಾಣ ರಸ್ತೆಯ ಎಚ್‌ಎಎಲ್ ಮ್ಯೂಸಿಯಂಗೂ ಮಕ್ಕಳನ್ನು ಕರೆದುಕೊಂಡು ಹೋಗು, ಹೋಗುವ ಮುಂಚೆ ಪ್ರಶ್ನೆಗಳನ್ನು ಬರೆಸಿಕೊ. ಇಷ್ಟಾದರೂ ಇವೆಲ್ಲ ವರ್ಷಕ್ಕೊಮ್ಮೆ ಒದಗುವ ನೆರವು. ದಿನದಿನಕ್ಕೆ ಬೇಕಾಗುವುದು ಪಕ್ಕದ ಶಾಲೆಯ ಇನ್ನೊಬ್ಬ ಶಿಕ್ಷಕಿ. ಕ್ಲಸ್ಟರ್ ಸಭೆಯಲ್ಲಿ ಸುತ್ತೋಲೆ ಓದಿ ಮುಗಿದ ಮೇಲೆ ಅರ್ಧ ಗಂಟೆ ಕೇಳಿಕೊ, ನೀನು ಮಾಡಿಸಿದ ಒಂದು ಪ್ರಯೋಗ ತೋರಿಸು, ಕೆಟ್ಟುಹೋದದ್ದನ್ನೂ ತೋರಿಸು.

ಇನ್ನೊಂದು ಆಸರೆಯನ್ನು ನಾವು ಯಾರೂ ಬಳಸಿಕೊಂಡೇ ಇಲ್ಲ. ನಿನ್ನ ಶಾಲೆಯ ಸುತ್ತಲೇ ದೂರವಾಣಿನಗರದ ಐಟಿಐ ಕಾರ್ಖಾನೆ, ತಿಪ್ಪಸಂದ್ರದ ಬಿಇಎಂಎಲ್, ವಿಮಾನಪುರದ ಎಚ್‌ಎಎಲ್, ಕೋಡಿಹಳ್ಳಿಯ ಎನ್‌ಎಎಲ್‌ಗಳಲ್ಲಿ ದುಡಿದು ನಿವೃತ್ತರಾದವರ ಮನೆಗಳಿವೆ. ಮೈಕ್ರೋಮೀಟರ್ ಹಿಡಿದು ಕೂದಲಿನ ದಪ್ಪ ಅಳೆದ ಫಿಟ್ಟರ್‌ಗಳು, ಟರ್ನರ್‌ಗಳು, ಬೆಸುಗೆ ಹಾಕಿದ ಹೆಣ್ಣುಮಕ್ಕಳು ಈಗ ಬೆಳಗ್ಗೆ ಪಾರ್ಕಿನಲ್ಲಿ ನಡೆಯುತ್ತಿದ್ದಾರೆ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಮೂಲಕ ಅವರನ್ನು ಕರೆ. ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ನನ್ನದೊಂದು ಕೋರಿಕೆ: ನಿಮ್ಮ ಬೀದಿಯ ಸರ್ಕಾರಿ ಶಾಲೆಯ ಎಚ್.ಎಂ. ಅವರನ್ನು ಈ ವಾರವೇ ಹೋಗಿ ಕಾಣಿ. ವಾರಕ್ಕೆ ಒಂದು ಪೀರಿಯಡ್ ಕೊಡಿ, ಬರುವಾಗ ನಿಮ್ಮ ಟೂಲ್ ಬಾಕ್ಸ್ ತನ್ನಿ.

ನಿನ್ನ ಹಿತೈಷಿ,
ನಿವೃತ್ತ ವಿಜ್ಞಾನ ಶಿಕ್ಷಕಿ, ಹಲಸೂರು