ಘಾಟಿನ ಸೊಪ್ಪು ಕುಂಡದಲ್ಲೇ: ವೈಲ್ಡ್ ರಾಕೆಟ್ ಬೆಳೆಸುವ ಸೂತ್ರಗಳು

ಪಿಜ್ಜಾ ಮೇಲೆ ಉದುರಿಸಿ ಕೊಡುವ ಘಾಟಿನ ಎಲೆ ಅರುಗುಲಾ ನಿಮಗೆ ಹಿಡಿಸಿದ್ದರೆ ಅದರ ಬಹುವಾರ್ಷಿಕ ಬಂಧು ವೈಲ್ಡ್ ರಾಕೆಟ್ ಹಾಕಿಕೊಳ್ಳಿ. ಒಮ್ಮೆ ಬೇರು ಬಿಟ್ಟರೆ ಎರಡು ಮೂರು ವರ್ಷ ಕೊಯ್ಯಬಹುದು.

1. ಬೀಜ ಕೊಳ್ಳುವಾಗಲೇ ಎಚ್ಚರವಿರಲಿ. ಸಾಮಾನ್ಯ ಅರುಗುಲಾ ಒಂದೇ ಹಂಗಾಮಿನ ಗಿಡ. ಉತ್ತರ ಭಾರತದಲ್ಲಿ ಎಣ್ಣೆಗಾಗಿ ಬೆಳೆಯುವ ತಾರಾಮಿರಾ ಕೂಡ ಅದೇ. ಪೊಟ್ಟಣದ ಮೇಲೆ ‘ಡಿಪ್ಲೊಟ್ಯಾಕ್ಸಿಸ್ ಟೆನ್ಯುಯಿಫೋಲಿಯಾ’ ಎಂದಿರಬೇಕು. ಇದರ ಎಲೆ ಸಪೂರ, ಅಂಚು ಆಳವಾಗಿ ಸೀಳಿದ್ದು, ಹೂವು ಹಳದಿ. ನೇರಳೆ ಗೆರೆಯ ಬಿಳಿ ಹೂ ಬಂತೋ, ನಿಮಗೆ ಸಿಕ್ಕಿದ್ದು ಬೇರೆ ಬೀಜ.

2. ಬೆಂಗಳೂರು, ಮೈಸೂರು ಕಡೆಯವರು ಅಕ್ಟೋಬರ್‌ನಿಂದ ಜನವರಿಯೊಳಗೆ ಬಿತ್ತಿ. ಕರಾವಳಿಯ ಮಳೆಗೆ ಬೇರು ಕೊಳೆಯುತ್ತದೆ. ಅಲ್ಲಿ ಕುಂಡವನ್ನು ಸೂರಿನಡಿಗೆ ಸರಿಸಲೇಬೇಕು.

3. ಬೀಜ ರಾಗಿಗಿಂತ ಸಣ್ಣದು. ಒಣ ಮರಳಿನಲ್ಲಿ ಬೆರೆಸಿ ಉದುರಿಸಿ, ಮೇಲೆ ತೆಳ್ಳಗೆ ಮಣ್ಣು ಹರಡಿ, ನೀರು ಚಿಮುಕಿಸಿ. ಮೊಳೆಯಲು ವಾರ, ಹತ್ತು ದಿನ ಬೇಕು. ಕೆದಕಿ ನೋಡಬೇಡಿ.

4. ಕುಂಡ 20 ಸೆಂ.ಮೀ.ಗಿಂತ ಆಳವಿರಲಿ. ಇದರ ತಾಯಿಬೇರು ಕೆಳಕ್ಕಿಳಿಯುತ್ತದೆ; ವರ್ಷಗಟ್ಟಲೆ ಬದುಕುವ ಗುಟ್ಟೂ ಅದೇ.

5. ಅತಿ ಉಪಚಾರ ಬೇಡ. ಮೆಡಿಟರೇನಿಯನ್ ಸೀಮೆಯಲ್ಲಿ ಇದು ರಸ್ತೆಬದಿಯ, ಗೋಡೆಸಂದಿನ ಕಳೆ. ಮೇಲ್ಮಣ್ಣು ಆರಿದ ಮೇಲೆ ನೀರು, ತಿಂಗಳಿಗೊಮ್ಮೆ ಹಿಡಿ ಎರೆಗೊಬ್ಬರ, ಅಷ್ಟು ಸಾಕು. ಏಪ್ರಿಲ್ ಬಿಸಿಲಿಗೆ ಮಾತ್ರ ಮಧ್ಯಾಹ್ನದ ನೆರಳು ಕೊಡಿ; ಇಲ್ಲದಿದ್ದರೆ ಘಾಟು ಏರಿ ಎಲೆ ಕಹಿಯಾಗುತ್ತದೆ.

6. ಕೊಯ್ಯುತ್ತಲೇ ಇರಿ. ಎಲೆ ಬೆರಳುದ್ದವಾದಾಗ ಬುಡದಿಂದ ಎರಡು ಮೂರು ಸೆಂ.ಮೀ. ಬಿಟ್ಟು ಕತ್ತರಿಯಲ್ಲಿ ಕತ್ತರಿಸಿ. ನಡುವಿನ ಸುಳಿ ಉಳಿಯಬೇಕು. ಮೂರು ವಾರದೊಳಗೆ ಮತ್ತೆ ತುಂಬಿಕೊಳ್ಳುತ್ತದೆ. ಹೂದಂಡು ಕಂಡ ಕೂಡಲೇ ಚಿವುಟಿ. ಅಯ್ಯೋ ಪಾಪ ಎಂದು ಬಿಟ್ಟವರ ಗಿಡ ಹೂವಿಗೆ ಓಡಿ, ಎಲೆ ಒರಟಾಗುತ್ತದೆ.

7. ಸಾಸಿವೆ, ಮೂಲಂಗಿಯ ಕುಲವಾದ್ದರಿಂದ ಅವುಗಳ ಶತ್ರುಗಳೇ ಇಲ್ಲೂ. ಎಲೆಯಲ್ಲಿ ಗುಂಡುಸೂಜಿ ಚುಚ್ಚಿದಂಥ ತೂತುಗಳಿದ್ದರೆ ಅದು ಹಾರುವ ಪುಟ್ಟ ಜೀರುಂಡೆಯ ಕೆಲಸ. ಹಸಿಯಾಗಿ ತಿನ್ನುವ ಸೊಪ್ಪಿಗೆ ಔಷಧಿ ಹೊಡೆಯುವುದಕ್ಕಿಂತ ಸಣ್ಣ ಕಣ್ಣಿನ ಬಲೆ ಹೊದಿಸುವುದು ಲೇಸು.

8. ಒಲೆಯಿಂದ ದೂರವಿಡಿ. ಎಲೆ ಜಜ್ಜಿದಾಗ, ಅಗಿದಾಗ ಅದರೊಳಗಿನ ಕಿಣ್ವ ಕೆಲಸ ಮಾಡಿ ಘಾಟು ಹುಟ್ಟುತ್ತದೆ. ಬೇಯಿಸಿದರೆ ಆ ಕಿಣ್ವವೇ ಸತ್ತು ಸಪ್ಪೆ. ಹೆಸರುಬೇಳೆ ಕೋಸಂಬರಿಗೆ, ಅದೂ ಒಗ್ಗರಣೆ ಆರಿದ ಮೇಲೆ, ಹಿಡಿಯಷ್ಟು ಹೆಚ್ಚಿ ಹಾಕಿ. ಹಸಿಮೆಣಸಿನಕಾಯಿ ಅರ್ಧ ಕಡಿಮೆ ಮಾಡಲು ಮರೆಯಬೇಡಿ.